ಹಾಡು ಒಂದೇ, ದನಿ ಹಲವು

ಹೊಂಗನೂರು ಸೇರಿರುವ ಚನ್ನಪಟ್ಟಣ ತಾಲ್ಲೂಕು ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬಣ್ಣದ ಬೊಂಬೆಗಳು. ಆದರೆ ದೇಶದ ಗಡಿಯನ್ನೂ ದಾಟಿ ಹೋದ ಒಂದು ಕನ್ನಡ ಹಾಡಿನ ನಂಟೂ ಈ ತಾಲ್ಲೂಕಿಗೆ ಇದೆ ಎಂಬುದು ಅನೇಕರಿಗೆ ತಿಳಿದಿರಲಾರದು. ಆ ಹಾಡು ‘ಕೃಷ್ಣಾ ನೀ ಬೇಗನೆ ಬಾರೋ’.

ಇದು ವ್ಯಾಸರಾಯರ ರಚನೆ ಎಂಬುದು ಪರಂಪರೆಯ ನಂಬಿಕೆ. ಬನ್ನೂರಿನಲ್ಲಿ ಹುಟ್ಟಿದ ವ್ಯಾಸರಾಯರ ಗುರು ಬ್ರಹ್ಮಣ್ಯತೀರ್ಥರು. ಕಣ್ವ ನದಿಯ ದಂಡೆಯಲ್ಲಿರುವ ಅಬ್ಬೂರಿನಲ್ಲಿ ಆ ಗುರುಗಳ ಬೃಂದಾವನ ಇಂದಿಗೂ ಇದೆ. ಅಬ್ಬೂರು ಇರುವುದು ಚನ್ನಪಟ್ಟಣ ತಾಲ್ಲೂಕಿನಲ್ಲೇ.

ಮೂಲ ಧಾಟಿ ಯಾವುದು?

ವ್ಯಾಸರಾಯರು ಕಾಲವಾದದ್ದು 1539ರಲ್ಲಿ. ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ನಡುವೆ 338 ವರ್ಷಗಳ ಅಂತರ! ಅಷ್ಟು ಕಾಲ ದಾಸರ ಪದಗಳನ್ನು ಕಾಪಾಡಿದ್ದು ತಾಳೆಗರಿ ಮತ್ತು ಜನರ ನೆನಪು. ಗರಿಯಲ್ಲಿ ಸಾಹಿತ್ಯ ಉಳಿಯಿತು, ಮಟ್ಟು ಬಾಯಿಂದ ಬಾಯಿಗೆ ಸಾಗುತ್ತಾ ಬದಲಾಯಿತು. ಈ ಹಾಡನ್ನು ಇಂದು ಹೆಚ್ಚಾಗಿ ಯಮುನಾ ಕಲ್ಯಾಣಿ ರಾಗದಲ್ಲಿ ಕೇಳುತ್ತೇವೆ. ವ್ಯಾಸರಾಯರ ಕಾಲದಲ್ಲಿ ಅದು ಹೇಗಿತ್ತೆಂದು ಹೇಳಲು ಯಾವ ತಟ್ಟೆಯೂ ಇಲ್ಲ. ಹಾಗಾಗಿ ನಾವು ಕೇಳುವ ಪ್ರತಿಯೊಂದು ಗಾಯನವೂ ಒಂದು ಮರುಗಾಯನವೇ.

ಮೂರು ನಿಮಿಷದ ಮಿತಿ

1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಭಾರತೀಯ ಗಾಯಕರ ಹಾಡುಗಳನ್ನು ತಟ್ಟೆಗಿಳಿಸಿದರು. ಮುಂದೆ ದಶಕಗಳ ಕಾಲ ಚಾಲ್ತಿಯಲ್ಲಿದ್ದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ. ಅದರ ಗೀರು ಅಗಲ, ವೇಗ ಹೆಚ್ಚು. ಆದ್ದರಿಂದ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ದೀರ್ಘ ಆಲಾಪನೆಗೆ ಜಾಗವೇ ಇರಲಿಲ್ಲ. 1948ರಲ್ಲಿ ಎಲ್‌ಪಿ ತಟ್ಟೆ ಬಂತು. ಗೀರು ಸಣ್ಣದಾಯಿತು, ವೇಗ 33⅓ ಸುತ್ತಿಗೆ ಇಳಿಯಿತು. ಒಂದು ಮಗ್ಗುಲಲ್ಲೇ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡಬಹುದಾಯಿತು. ಆಮೇಲೆ ಬಂದ ಕ್ಯಾಸೆಟ್ಟಿನಿಂದ ದಾಸರ ಪದಗಳು ಮನೆಮನೆ ತಲುಪಿದವು. ವಿದ್ಯಾಭೂಷಣರ ಕ್ಯಾಸೆಟ್ಟುಗಳನ್ನು ಮರೆತವರುಂಟೇ?

ಕಡಲ ತೀರದಿಂದ ಗಿಟಾರಿನವರೆಗೆ

ಈ ಹಾಡಿಗೆ ಅಭಿನಯದ ಮೂಲಕ ದೊಡ್ಡ ಹೆಸರು ತಂದವರು ಭರತನಾಟ್ಯದ ಟಿ. ಬಾಲಸರಸ್ವತಿ. ಸತ್ಯಜಿತ್ ರಾಯ್ 1976ರಲ್ಲಿ ಅವರನ್ನು ಕುರಿತು ‘ಬಾಲಾ’ ಎಂಬ ಸಾಕ್ಷ್ಯಚಿತ್ರ ತೆಗೆದರು. ಅದರಲ್ಲಿ ಅರವತ್ತರ ಹತ್ತಿರವಿದ್ದ ಬಾಲಸರಸ್ವತಿ ಕಡಲ ತೀರದಲ್ಲಿ ನಿಂತು ಪುಟ್ಟ ಕೃಷ್ಣನನ್ನು ಕರೆಯುವ ತಾಯಿಯಾಗುತ್ತಾರೆ. ಮಾತೃಭಾಷೆ ಕನ್ನಡವಲ್ಲದ ಕೆ.ಜೆ. ಯೇಸುದಾಸ್ ಕೂಡ ಇದನ್ನು ಕಛೇರಿಗಳಲ್ಲಿ ಹಾಡಿದ್ದಾರೆ.

1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ‘ಕಲೋನಿಯಲ್ ಕಸಿನ್ಸ್’ ಎಂಬ ಹೆಸರಿನಲ್ಲಿ ಹೊರತಂದ ಆಲ್ಬಂನಲ್ಲಿ ಈ ಪಲ್ಲವಿ ಗಿಟಾರಿನ ಜತೆ, ಇಂಗ್ಲಿಷ್ ಸಾಲುಗಳ ನಡುವೆ ಕೇಳಿಬಂತು. ದೇವರನಾಮವನ್ನು ಪಾಪ್ ಮಾಡುವುದೇ ಎಂದು ಹಿರಿಯರು ಹುಬ್ಬು ಗಂಟಿಕ್ಕಿದರೆ ತಪ್ಪೆನ್ನಲಾಗದು. ಹಾಡಿನ ಭಾವವನ್ನು ಕಾಪಾಡಬೇಕೆಂಬ ಕಾಳಜಿ ಅದು. ಆದರೆ ದಾಸರ ಪದ ಎಂದೇ ತಿಳಿಯದಿದ್ದ ಎಷ್ಟೋ ಹುಡುಗರ ಬಾಯಲ್ಲಿ ಆ ಕನ್ನಡದ ಸಾಲು ಬಂದದ್ದೂ ಸುಳ್ಳಲ್ಲ.

ಮನೆಯ ಧಾಟಿ

ಹಾಡು ಬದಲಾದರೆ ಸಾಯುವುದಿಲ್ಲ, ಹಾಡುವುದನ್ನು ನಿಲ್ಲಿಸಿದರೆ ಸಾಯುತ್ತದೆ. ಯಾವ ಕಂಪನಿಯೂ ಧ್ವನಿಮುದ್ರಿಸದ ಧಾಟಿಗಳು ಹಳ್ಳಿಯ ಭಜನೆ ಮನೆಗಳಲ್ಲಿ, ಅಜ್ಜಿಯರ ಕಂಠದಲ್ಲಿ ಇರುತ್ತವೆ. ಹಾಡುವವರು ಹೋದರೆ ಅವೂ ಹೋಗುತ್ತವೆ. ಇಂದು ಎಡಿಸನ್ನನ ಯಂತ್ರಕ್ಕಿಂತ ಎಷ್ಟೋ ಪಾಲು ಉತ್ತಮವಾದ ಸಾಧನ ಅಪ್ಪ ಅಮ್ಮಂದಿರ ಮೊಬೈಲಿನಲ್ಲೇ ಇದೆ. ವಿದ್ಯಾರ್ಥಿಗಳು ಈ ರಜೆಯಲ್ಲಿ ಅಜ್ಜಿಯ ಒಂದು ಹಾಡನ್ನು ಅದರಲ್ಲಿ ಹಿಡಿದಿಡಲಿ. ಹಾಡಿದವರ ಹೆಸರು, ಊರು, ಕಲಿಸಿದವರು ಯಾರು, ದಿನಾಂಕ, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ವ್ಯಾಸರಾಯರ ದನಿ ನಮಗೆ ಸಿಗಲಿಲ್ಲ. ನಮ್ಮ ಅಜ್ಜಿಯರ ದನಿಯಾದರೂ ಮುಂದಿನವರಿಗೆ ಸಿಗಲಿ.