ಕೊಬ್ಬರಿ ನೋಡಿ, ಎಣ್ಣೆ ಕೊಳ್ಳಿ

ಕರಾವಳಿಯ ಪೇಟೆಗಳಲ್ಲಿ ಎಣ್ಣೆ ಮಿಲ್ಲು ಹುಡುಕಲು ಬೋರ್ಡು ನೋಡಬೇಕಾಗಿಲ್ಲ. ಬೇಸಗೆಯ ತಿಂಗಳುಗಳಲ್ಲಿ ಪುತ್ತೂರು, ಬೆಳ್ತಂಗಡಿ, ಕುಂದಾಪುರದ ಕಡೆ ಹೋದರೆ ಯಾವುದೋ ಒಂದು ಓಣಿಯ ಬಾಯಲ್ಲಿ ಹುರಿದ ಕಾಯಿಯ ಪರಿಮಳ ಮೂಗಿಗೆ ಬರುತ್ತದೆ. ಅದರ ಬೆನ್ನಿಗೇ ಬೆಲ್ಟು ತಿರುಗುವ ಸದ್ದು. ಒಳಗೆ ನೆಲವೆಲ್ಲ ಜಿಡ್ಡು. ಗೋಡೆಗೆ ಒರಗಿಸಿದ ಗೋಣಿಚೀಲಗಳಿಗೆ ಹೆಸರು ಬರೆದ ಚೀಟಿ, ಪಕ್ಕದಲ್ಲಿ ಅದೇ ಹೆಸರಿನ ಖಾಲಿ ಕ್ಯಾನು. ಇಂಥ ಮಿಲ್ಲುಗಳ ಮುಖ್ಯ ಕಸುಬು ಎಣ್ಣೆ ಮಾರುವುದಲ್ಲ. ತಂದವರ ಕೊಬ್ಬರಿ ಅರೆದು ಅವರಿಗೇ ಎಣ್ಣೆ ತೆಗೆದುಕೊಡುವುದು. ಕೂಲಿ ಕಿಲೋ ಲೆಕ್ಕದಲ್ಲಿ. ಹಿಂಡಿಯನ್ನು ಮಿಲ್ಲಿಗೇ ಬಿಟ್ಟರೆ ಕೂಲಿಯಲ್ಲಿ ಅದನ್ನು ಕಳೆಯುವವರಿದ್ದಾರೆ. ಹಟ್ಟಿಯಲ್ಲಿ ದನ ಇರುವವರು ಮಾತ್ರ ಹಿಂಡಿ ಬಿಟ್ಟುಕೊಡುವುದಿಲ್ಲ.

ಮಿಲ್ಲಿನವರು ಗೋಣಿ ಬಿಚ್ಚಿದೊಡನೆ ಮಾಡುವ ಮೊದಲ ಕೆಲಸ ತೂಕವಲ್ಲ. ಕೈ ಹಾಕಿ ತಳದಿಂದ ಒಂದು ಹೋಳು ತೆಗೆದು ಮುರಿಯುತ್ತಾರೆ. ಪಟ್ಟನೆ ಮುರಿದರೆ ಸರಿ. ಬಾಗಿದರೆ, ‘ಇನ್ನೆರಡು ಬಿಸಿಲು ಕಾಣಬೇಕಿತ್ತು ಅಕ್ಕಾ, ವಾಪಸು ಕೊಂಡುಹೋಗಿ’ ಎಂದು ಮುಖಕ್ಕೆ ಹೇಳಿಯೇಬಿಡುತ್ತಾರೆ. ಆಟೋ ಬಾಡಿಗೆ ಕೊಟ್ಟು ಬಂದವರಿಗೆ ಸಿಟ್ಟು ಬರುವುದು ಸಹಜ. ಆದರೆ ಹಾಗೆ ವಾಪಸು ಕಳಿಸುವ ಮಿಲ್ಲನ್ನೇ ನಂಬಬಹುದು. ಗಾಣಕ್ಕೆ ಬಿದ್ದ ಮೇಲೆ ಎಣ್ಣೆಯನ್ನು ಸುಧಾರಿಸಲು ಉಳಿಯುವ ದಾರಿ ಬಹಳ ಕಡಿಮೆ.

ಅದು ಏಕೆ ಎಂದರೆ, ಕಾರ್ಖಾನೆಯಲ್ಲಿ ರಿಫೈನ್ ಮಾಡುವಾಗ ಎಣ್ಣೆಯ ಆಮ್ಲವನ್ನು ಕ್ಷಾರ ಹಾಕಿ ತೆಗೆಯುತ್ತಾರೆ, ಬಣ್ಣ ಇಳಿಸುತ್ತಾರೆ, ಹಬೆ ಹಾಯಿಸಿ ವಾಸನೆ ಹಾರಿಸುತ್ತಾರೆ. ಕೊನೆಗೆ ಸಿಗುವುದು ನೀರಿನಂಥ, ಪರಿಮಳವೇ ಇಲ್ಲದ ಎಣ್ಣೆ. ಕಳಪೆ ಕೊಬ್ಬರಿಯಿಂದಲೂ ಹೀಗೆ ತಿನ್ನಲು ಯೋಗ್ಯವಾದ ಎಣ್ಣೆ ತೆಗೆಯಬಹುದು. ಮಿಲ್ಲಿನ ಹಸಿ ಎಣ್ಣೆಗೆ ಈ ಯಾವ ಸಂಸ್ಕಾರವೂ ಇಲ್ಲ. ಒಣಗಿದ ಕಾಯಿಯ ಘಮ, ಬಣ್ಣ, ರುಚಿ ಎಲ್ಲವೂ ಅದರಲ್ಲಿ ಉಳಿಯುತ್ತವೆ. ಕೊಬ್ಬರಿಗೆ ಹಿಡಿದ ಹೊಗೆ, ಬೂಸ್ಟು, ಮುಗ್ಗುಲೂ ಉಳಿಯುತ್ತವೆ. ಅರೆಬರೆ ಒಣಗಿದ ಕೊಬ್ಬರಿಯ ಮೇಲೆ ಏಳುವ ಹಳದಿ-ಹಸಿರು ಬೂಸ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಯಕೃತ್ತಿಗೆ ಅದು ಒಳ್ಳೆಯದಲ್ಲ. ರಿಫೈನರಿಯ ಕ್ಷಾರ ಅದನ್ನು ಬಹುಪಾಲು ತೆಗೆಯುತ್ತದೆ, ನಮ್ಮ ಹತ್ತಿಬಟ್ಟೆಯ ಸೋಸಣೆ ತೆಗೆಯುವುದಿಲ್ಲ. ಆದ್ದರಿಂದ ‘ಏನೂ ಬೆರೆಸದ ಶುದ್ಧ ಎಣ್ಣೆ’ ಎಂಬ ಮಾತು ಕೇಳಿದ ಕೂಡಲೇ ಕೊಬ್ಬರಿ ಯಾವುದು ಎಂದು ಕೇಳಬೇಕು.

ಒಳ್ಳೆಯ ಕೊಬ್ಬರಿ ಮಾಡಲು ಬೇಕಾದ್ದು ಬಲಿತ ಕಾಯಿ, ಬಿಸಿಲು ಮತ್ತು ತಾಳ್ಮೆ. ಹಸಿ ಕಾಯಿಯ ತಿರುಳಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ನೀರು ಇರುತ್ತದೆ. ಅದು ಶೇ 6ಕ್ಕೆ ಇಳಿಯಬೇಕು. ಕಾಯಿ ಒಡೆದು, ನೀರು ಬಸಿದು, ಕಡಿಗಳನ್ನು ಬಾಯಿ ಮೇಲಾಗಿ ಅಂಗಳದಲ್ಲಿ ಹರಡುತ್ತಾರೆ. ಎರಡು ಒಳ್ಳೆಯ ಬಿಸಿಲಿಗೆ ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಎಬ್ಬಿಸಿ ತೆಗೆದು ಮತ್ತೆ ನಾಲ್ಕೈದು ದಿನ ಒಣಗಿಸುವುದು. ಸಂಜೆ ಮಂಜು ಬೀಳುವ ಮೊದಲು ಒಳಗೆ ತರಬೇಕು. ಕಾಗೆಯ ಕಾಟವನ್ನು ಬೇರೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಯಲ್ಲಿ ಒಣಗಿಸಿದರೆ ಎಣ್ಣೆಗೂ ಹೊಗೆಯ ವಾಸನೆ ಹಿಡಿಯುತ್ತದೆ. ಚಿಪ್ಪು ಉರಿಸಿ, ಹೊಗೆ ತಾಗದಂತೆ ಬಿಸಿಗಾಳಿಯಲ್ಲಿ ಒಣಗಿಸುವ ಡ್ರೈಯರ್‌ಗಳನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ. ವ್ಯಾಪಾರದ ಕೊಬ್ಬರಿಗೆ ಗಂಧಕದ ಹೊಗೆ ಕೊಟ್ಟು ಬೆಳ್ಳಗೆ ಮಾಡುವ ಅಭ್ಯಾಸವೂ ಇದೆ. ಹಾಗಾಗಿ ಸುಣ್ಣ ಬಳಿದಷ್ಟು ಬಿಳಿ ಇರುವ ಕೊಬ್ಬರಿಯನ್ನು ಕಂಡು ಹಿಗ್ಗಬೇಕಾಗಿಲ್ಲ.

ಇಲ್ಲೊಂದು ಗೊಂದಲ ಬಯಲುಸೀಮೆಯವರಿಗೆ ಆಗಾಗ ಆಗುತ್ತದೆ. ಕೊಬ್ಬರಿ ಎಂದರೆ ತಿಪಟೂರು, ಹಾಗಿದ್ದರೆ ಎಣ್ಣೆಯೂ ಅಲ್ಲಿಯದೇ ಇರಬೇಕಲ್ಲ ಎಂದು. ತಿಪಟೂರಿನ ಮಾರುಕಟ್ಟೆಯ ಹೆಸರು ಇರುವುದು ಉಂಡೆ ಕೊಬ್ಬರಿಗೆ. ಬಲಿತ ಕಾಯಿಯನ್ನು ಒಡೆಯದೆ ಅಟ್ಟದಲ್ಲಿ ಎಂಟು ತಿಂಗಳು, ಹತ್ತು ತಿಂಗಳು, ವರ್ಷದವರೆಗೂ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗುಂಡಾಗಿ ನಿಲ್ಲುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಅದು ತಿನ್ನುವ ಕೊಬ್ಬರಿ, ಬಹುಪಾಲು ಉತ್ತರ ಭಾರತದ ಮಿಠಾಯಿ, ಮದುವೆ, ಪೂಜೆಗಳಿಗೆ ಹೋಗುತ್ತದೆ. ಅಷ್ಟು ದಿನ ಕಾದು ಮಾಡಿದ್ದನ್ನು ಗಾಣಕ್ಕೆ ಹಾಕುವುದು ದುಬಾರಿಯ ಕೆಲಸ. ಎಣ್ಣೆಯ ಕೊಬ್ಬರಿಯ ದೊಡ್ಡ ಪೇಟೆ ತಮಿಳುನಾಡಿನ ಕಾಂಗೇಯಂ. ಕೇಂದ್ರ ಸರ್ಕಾರವೂ ಇವೆರಡಕ್ಕೆ ಬೇರೆಬೇರೆ ಬೆಂಬಲ ಬೆಲೆ ಘೋಷಿಸುತ್ತದೆ: 2025ರ ಹಂಗಾಮಿಗೆ ಕ್ವಿಂಟಲಿಗೆ ಎಣ್ಣೆ ಕೊಬ್ಬರಿಗೆ 11,582 ರೂಪಾಯಿ, ಉಂಡೆಗೆ 12,100.

ಗಾಣದ ವಿಷಯಕ್ಕೆ ಬರೋಣ. ಹಳೆಯ ಕನ್ನಡ ಶಾಸನಗಳಲ್ಲಿ ಗಾಣದೆರೆ ಎಂಬ ತೆರಿಗೆ ಬರುತ್ತದೆ. ದೇವರ ನಂದಾದೀವಿಗೆಗೆ ಗಾಣದಿಂದ ಇಷ್ಟು ಎಣ್ಣೆ ಎಂದು ಬಿಟ್ಟ ದತ್ತಿಗಳೂ ಇವೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಎಣ್ಣೆ ರಸಾಯನಶಾಸ್ತ್ರಜ್ಞ, ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಭಾರತದ ಗಾಣಗಳ ಮೇಲೆಯೇ ಒಂದು ಪುಸ್ತಕ ಬರೆದಿದ್ದಾರೆ. ಗಾಂಧೀಜಿಯ ಗ್ರಾಮೋದ್ಯೋಗ ಸಂಘ ವಾರ್ಧಾದಲ್ಲಿ ಹಳೆಯ ಗಾಣವನ್ನು ಸುಧಾರಿಸಲು ಪ್ರಯೋಗ ನಡೆಸಿತ್ತು. ಎತ್ತಿಗೆ ಭಾರ ಕಡಿಮೆ, ಎಣ್ಣೆ ಹೆಚ್ಚು ಎನ್ನುವುದು ಗುರಿ. ಎತ್ತು ಹೋಗಿ ಮೋಟಾರು ಬಂತು, ಕರಾವಳಿಯ ಹೆಚ್ಚಿನ ಮಿಲ್ಲುಗಳಲ್ಲಿ ಕಬ್ಬಿಣದ ಎಕ್ಸ್‌ಪೆಲ್ಲರ್ ಬಂತು. ಈಗ ಮರದ ಗಾಣ ಮತ್ತೆ ಬಂದಿದೆ, ಈ ಸಲ ಬೆಂಗಳೂರು, ಮೈಸೂರಿನ ಬಡಾವಣೆಗಳ ಅಂಗಡಿ ಮುಂಗಟ್ಟಿನಲ್ಲಿ, ಗಾಜಿನ ಆಚೆ.

ಎಕ್ಸ್‌ಪೆಲ್ಲರ್‌ನಲ್ಲಿ ಒತ್ತಡ ಹೆಚ್ಚು, ತಿಕ್ಕಾಟ ಹೆಚ್ಚು, ಎಣ್ಣೆ ಬಿಸಿಯಾಗಿ ಬರುತ್ತದೆ. ಹಿಂಡಿಯಲ್ಲಿ ಉಳಿಯುವ ಎಣ್ಣೆ ಕಡಿಮೆ. ಮರದ ಗಾಣ ನಿಧಾನ, ಬಿಸಿ ಕಡಿಮೆ, ಹಿಂಡಿಯಲ್ಲಿ ಎಣ್ಣೆ ಹೆಚ್ಚು ಉಳಿಯುತ್ತದೆ. ಆ ನಷ್ಟ ಬೆಲೆಯಲ್ಲಿ ಸೇರುತ್ತದೆ. ರುಚಿಯಲ್ಲಿ ವ್ಯತ್ಯಾಸ ಇದೆ, ಮರದ ಗಾಣದ್ದು ಮೃದು. ಅದಕ್ಕಾಗಿ ಎರಡು ಪಟ್ಟು ಹಣ ಕೊಡುವಷ್ಟು ವ್ಯತ್ಯಾಸವೇ ಎಂದರೆ ನನಗೆ ಅನುಮಾನ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಸುಮಾರು ಶೇ 90 ಪರ್ಯಾಪ್ತ ಕೊಬ್ಬು. ಸೂರ್ಯಕಾಂತಿ, ಕುಸುಬೆಯಂಥವುಗಳ ಹಾಗೆ ಬಿಸಿಗೆ ಬೇಗ ಕೆಡುವ ಜಾತಿಯಲ್ಲ. ಬೂಸ್ಟು ಹಿಡಿದ ಕೊಬ್ಬರಿಯನ್ನು ಮರದ ಗಾಣದಲ್ಲಿ ಅರೆದದ್ದಕ್ಕಿಂತ ಗರಿಗರಿ ಒಣಗಿದ್ದನ್ನು ಕಬ್ಬಿಣದ ಎಕ್ಸ್‌ಪೆಲ್ಲರ್‌ನಲ್ಲಿ ಅರೆದದ್ದೇ ಮೇಲು.

ಕೊಬ್ಬರಿಯ ಗೊಡವೆಯೇ ಇಲ್ಲದ ಇನ್ನೊಂದು ಎಣ್ಣೆ ಇದೆ: ಕಾಯಿಹಾಲಿನಿಂದ ತೆಗೆಯುವುದು. ಮಲಯಾಳದ ಮನೆಗಳಲ್ಲಿ ಉರುಕ್ಕು ವೆಳಿಚ್ಚೆಣ್ಣ, ಅಂಗಡಿಯ ಸೀಸೆಗಳಲ್ಲಿ ವರ್ಜಿನ್ ಕೋಕೊನಟ್ ಆಯಿಲ್. ಬಲಿತ ಕಾಯಿ ತುರಿದು, ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯಬೇಕು. ರಾತ್ರಿಯಿಡೀ ಅಲುಗಾಡಿಸದೆ ಇಟ್ಟರೆ ಕೆನೆ ಮೇಲೆ ಕಟ್ಟುತ್ತದೆ, ನೀರು ಕೆಳಗೆ ನಿಲ್ಲುತ್ತದೆ. ಕೆನೆಯನ್ನು ದಪ್ಪತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಮೊದಲು ಮೊಸರಿನ ಹಾಗೆ ಒಡೆಯುತ್ತದೆ, ಆಮೇಲೆ ಚಟಚಟ ಎನ್ನುತ್ತದೆ. ಆ ಸದ್ದು ನಿಂತಿತೆಂದರೆ ನೀರು ಹೋಯಿತು. ಚರಟ ಹೊಂಬಣ್ಣಕ್ಕೆ ಬಂದಾಗಲೇ ಇಳಿಸಬೇಕು. ಕಪ್ಪಾದರೆ ಎಣ್ಣೆಗೆ ಸೀದ ವಾಸನೆ ಬರುತ್ತದೆ. ಬೆಲ್ಲ ಸೇರಿಸಿದ ಚರಟ ಮಕ್ಕಳ ಪಾಲು. ಎಳೆಮಗುವಿನ ಮೈಗೆ ಹಚ್ಚಲು ಹಿಂದಿನಿಂದ ಬಂದ ಎಣ್ಣೆ ಇದು.

ಕಾಸರಗೋಡಿನ ಸಂಸ್ಥೆ ಈ ಮನೆವಿಧಾನವನ್ನೇ ಹಿಡಿದು ಸಣ್ಣ ಉದ್ಯಮಕ್ಕೆ ಒಗ್ಗುವ ಯಂತ್ರಗಳನ್ನು ರೂಪಿಸಿತು. 1916ರಲ್ಲಿ ಅದು ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದಾಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಕೆನೆಯನ್ನು ಕಾಯಿಸದೆ, ಹುದುಗು ಬರಿಸಿ ಅಥವಾ ಯಂತ್ರದಲ್ಲಿ ಗಿರಗಿರ ತಿರುಗಿಸಿ ಎಣ್ಣೆ ಬೇರ್ಪಡಿಸುವ ಕ್ರಮಗಳೂ ಇವೆ. ತಯಾರಿಸುವ ಶ್ರಮ ದೊಡ್ಡದು, ಆದ್ದರಿಂದ ಬೆಲೆಯೂ ದೊಡ್ಡದು. ಇದರಲ್ಲಿ ಹಪ್ಪಳ ಕರಿಯುವುದು ದುಂದುಗಾರಿಕೆ.

ಮನೆಯ ಹಿಂದೆ ತೆಂಗಿನ ಮರ ಇಲ್ಲದವರು ಏನು ಮಾಡಬೇಕು? ಮೊದಲು ಒಂದು ಗುಣಾಕಾರ. 1 ಕಿಲೋ ಒಳ್ಳೆಯ ಕೊಬ್ಬರಿಯಿಂದ ಬರುವುದು 600ರಿಂದ 650 ಗ್ರಾಂ ಎಣ್ಣೆ. ಹಿಂಡಿ ಮಾರಿ ಬಂದದ್ದನ್ನು ಕಳೆದರೂ ಕೊಬ್ಬರಿ ದರದ ಸುಮಾರು ಒಂದೂವರೆ ಪಟ್ಟಿಗಿಂತ ಅಗ್ಗದಲ್ಲಿ ಯಾರೂ ಎಣ್ಣೆ ಮಾರಲಾರರು. ಮೇಲೆ ಹೇಳಿದ ಬೆಂಬಲ ಬೆಲೆಯನ್ನೇ ಹಿಡಿದರೂ ಎಣ್ಣೆಯ ಅಸಲು ಕಿಲೋಗೆ 185 ರೂಪಾಯಿಯ ಆಸುಪಾಸು. 2025ರಲ್ಲಿ ಪೇಟೆಯ ದರವಂತೂ ಅದನ್ನು ಎಷ್ಟೋ ಮೀರಿ ಓಡಿತು. ಹೀಗೆ ಬೆಲೆ ಏರಿದಾಗಲೇ ಕಲಬೆರಕೆಯವರಿಗೆ ಹಬ್ಬ. ಇನ್ನೊಂದು ಸಣ್ಣ ಲೆಕ್ಕ: 1 ಲೀಟರ್ ತೆಂಗಿನೆಣ್ಣೆ ತೂಗುವುದು ಸುಮಾರು 920 ಗ್ರಾಂ. ಮಿಲ್ಲಿನ ಕಿಲೋ ದರವನ್ನು ಪ್ಯಾಕೆಟ್ಟಿನ ಲೀಟರ್ ದರಕ್ಕೆ ಹೋಲಿಸುವಾಗ ಇದನ್ನು ಮರೆಯಬಾರದು.

ಫ್ರಿಜ್ಜಿನಲ್ಲಿಟ್ಟು ನೋಡಿ, ಪೂರ್ತಿ ಗಟ್ಟಿಯಾದರೆ ಅಸಲಿ ಎಂಬ ಪರೀಕ್ಷೆ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಸೂರ್ಯಕಾಂತಿ ಎಣ್ಣೆಯನ್ನೋ ಪ್ಯಾರಾಫಿನ್ನನ್ನೋ ಧಾರಾಳವಾಗಿ ಬೆರೆಸಿದ್ದರೆ ಗಟ್ಟಿಯಾಗದೆ ಉಳಿದ ಭಾಗ ಕಾಣಬಹುದು. ಆದರೆ ತಾಳೆಬೀಜದ ಎಣ್ಣೆ ಸ್ವಭಾವದಲ್ಲಿ ತೆಂಗಿನೆಣ್ಣೆಯ ದಾಯಾದಿ. ಅದೂ ಹಾಗೆಯೇ ಹೆಪ್ಪುಗಟ್ಟುತ್ತದೆ. ಅದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು. ತೆಂಗಿನೆಣ್ಣೆಯ ಅಯೋಡಿನ್ ಮೌಲ್ಯ (ಅಪರ್ಯಾಪ್ತ ಕೊಬ್ಬಿನ ಅಳತೆ) 7.5ರಿಂದ 10ರ ಒಳಗಿರಬೇಕು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡ, ತಾಳೆಬೀಜದ್ದು ಅದಕ್ಕಿಂತ ಮೇಲೆ. ಬಿಡಿಯಾಗಿ ಅಳೆದು ಕೊಡುವ ಖಾದ್ಯತೈಲದ ಮಾರಾಟಕ್ಕೆ 2011ರ ನಿಯಮಾವಳಿ ನಿರ್ಬಂಧ ಹಾಕಿರುವುದೂ ಈ ಕಲಬೆರಕೆಯ ಭಯಕ್ಕೇ. ನಮ್ಮ ಕೊಬ್ಬರಿ ಕೊಟ್ಟು ನಮ್ಮೆದುರೇ ಅರೆಸಿಕೊಳ್ಳುವುದರ ಲಾಭ ಇಲ್ಲಿದೆ. ಊರ ಮಿಲ್ಲಿನಲ್ಲಿ ಒಳ್ಳೆಯ ಕೊಬ್ಬರಿಯನ್ನೇ ಕೊಂಡು, ಅಲ್ಲೇ ಹಾಕಿಸಿಕೊಂಡು ಬರುವವರೂ ಇದ್ದಾರೆ.

ಸೀಸೆಯ ಎಣ್ಣೆಯಾದರೆ ಚೀಟಿ ಓದಬೇಕು. ತಿನ್ನುವುದಕ್ಕಾದರೆ ಖಾದ್ಯತೈಲ ಎಂದು, ಜೊತೆಗೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇರಲೇಬೇಕು. ಸಣ್ಣ ಸೀಸೆಯ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಗೂದಲಿನದೋ ಎಂಬ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2024ರ ಡಿಸೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಸೀಸೆ ಸಣ್ಣದೆಂಬ ಮಾತ್ರಕ್ಕೆ ಅದು ಕೇಶತೈಲವಾಗುವುದಿಲ್ಲ ಎಂದಿತು. ಒಂದೇ ಸೀಸೆಯಿಂದ ಒಗ್ಗರಣೆಗೂ ಜಡೆಗೂ ಹಾಕುವ ಕರಾವಳಿಯ ಹೆಂಗಸರನ್ನು ಕೇಳಿದ್ದರೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಮಿಲ್ಲಿನಿಂದ ತಂದ ದಿನವೇ ಎಣ್ಣೆ ಬಳಸುವ ಅವಸರ ಬೇಡ. ಮೂರು ನಾಲ್ಕು ದಿನ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಪೂರಾ ಒಣಗಿದ ಸ್ಟೀಲು ಪಾತ್ರೆಗೋ ಭರಣಿಗೋ ಹಾಕಬೇಕು. ಒಂದು ಹನಿ ನೀರು ಬಿದ್ದರೂ ಮುಗ್ಗುಲು ಬೇಗ ಹಿಡಿಯುತ್ತದೆ. ಕೆಲವು ಮನೆಗಳಲ್ಲಿ ನಾಲ್ಕು ಕಾಳುಮೆಣಸು ಹಾಕಿಡುತ್ತಾರೆ. ಹಳೆಯ ಎಣ್ಣೆ ತಳದಲ್ಲಿರುವಾಗಲೇ ಹೊಸದನ್ನು ಸುರಿಯುವುದು ಮಾತ್ರ ಕೆಟ್ಟ ಅಭ್ಯಾಸ, ಹಳತರ ಕಮಟು ಹೊಸತಕ್ಕೂ ಹತ್ತುತ್ತದೆ. ಊರಿನಿಂದ ರಾತ್ರಿ ಬಸ್ಸಿಗೆ ಅಮ್ಮ ಹಾಕಿಕೊಟ್ಟ ಕ್ಯಾನು ಡಿಸೆಂಬರ್‌ನ ಬೆಂಗಳೂರಿನಲ್ಲಿ ಬಿಳಿಯ ಗಡ್ಡೆಯಾದರೆ ಗಾಬರಿಯಾಗಬೇಡಿ; ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದೇ ಸಹಜ. ಗಡ್ಡೆಯಾದ ಮೇಲೆ ಕ್ಯಾನಿನ ಕಿರುಬಾಯಿಂದ ತೆಗೆಯುವುದು ಕಷ್ಟ, ಆದ್ದರಿಂದ ಚಳಿಗಾಲದಲ್ಲಿ ಅಗಲಬಾಯಿಯ ಡಬ್ಬಿ ಒಳ್ಳೆಯದು.

ಹಸಿ ಎಣ್ಣೆಯ ರುಚಿ ತಿಳಿಯಬೇಕಾದರೆ ಅದನ್ನು ಕಾಯಿಸದೆಯೇ ತಿನ್ನಬೇಕು. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿಯ ಜೊತೆ ಒಂದು ಚಮಚ, ಸೇಮಿಗೆಯ ಮೇಲೆ, ಬಿಸಿ ಕಡುಬಿನ ನಡುವೆ, ಒಲೆಯಿಂದ ಇಳಿಸಿದ ಅವಿಯಲಿನ ಮೇಲೆ ಕರಿಬೇವಿನೊಡನೆ. ಕೊಂಕಣಿಗರ ಕೊದ್ದೆಲಿಗೆ ಬೆಳ್ಳುಳ್ಳಿ ಒಗ್ಗರಣೆ ಈ ಎಣ್ಣೆಯಲ್ಲೇ ಆಗಬೇಕು. ಹಲಸಿನಕಾಯಿ, ಬಾಳೆಕಾಯಿ ಕರಿಯಲೂ ಇದು ಒಗ್ಗುತ್ತದೆ, ಉರಿ ಹದದಲ್ಲಿರಲಿ. ರಿಫೈನ್ ಮಾಡದ ತೆಂಗಿನೆಣ್ಣೆ ಸುಮಾರು 175 ಡಿಗ್ರಿಗೆ ಹೊಗೆಯಾಡತೊಡಗುತ್ತದೆ. ಕೂದಲಿನ ಪ್ರೋಟೀನು ನಷ್ಟವನ್ನು ಇದು ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಅದನ್ನು ಮಾಡಿದ್ದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯದೇ ಪ್ರಯೋಗಾಲಯ ಎಂಬುದನ್ನೂ ಸೇರಿಸಿ ಓದಿಕೊಳ್ಳಬೇಕು.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ಕುಡಿದರೆ ಸಕಲ ರೋಗವೂ ಮಾಯ ಎನ್ನುವವರ ಮಾತು ನನಗೆ ಪಥ್ಯವಲ್ಲ. ದಿನದ ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ಶೇ 10 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2,000 ಕ್ಯಾಲರಿ ಉಣ್ಣುವವರಿಗೆ ಅದು ಸುಮಾರು 22 ಗ್ರಾಂ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ 12 ಗ್ರಾಂ ಇದೆ. ಎರಡು ಚಮಚ ಕುಡಿದವರಿಗೆ ಹಾಲು, ತುಪ್ಪ, ಕಾಯಿತುರಿಗೆ ಜಾಗವೇ ಉಳಿಯುವುದಿಲ್ಲ. ಊಟಕ್ಕೆ ಬೇಕಾದಷ್ಟು, ಬೇರೆ ಎಣ್ಣೆಗಳ ಜೊತೆ ಸರದಿಯಲ್ಲಿ ಬಳಸಿದರೆ ಸಾಕು. ಕೊಲೆಸ್ಟರಾಲ್ ಹೆಚ್ಚಿರುವವರು ವೈದ್ಯರನ್ನು ಕೇಳಲಿ.

ತಿಂಗಳಿಗೆ 2 ಕಿಲೋ ಬೇಕಾಗುವ ಮನೆಗೆ ವರ್ಷಕ್ಕೆ 24 ಕಿಲೋ ಎಣ್ಣೆ, ಅಂದರೆ ಸುಮಾರು 39 ಕಿಲೋ ಕೊಬ್ಬರಿ, ನಮ್ಮ ಊರತಳಿಯ ಕಾಯಿಯಾದರೆ 260ರ ಹತ್ತಿರ. ಒಮ್ಮೆಲೇ ಅಷ್ಟನ್ನೂ ಅರೆಸಿಟ್ಟರೆ ಕೊನೆಯ ತಿಂಗಳಿನದು ಕಮಟುತ್ತದೆ. ಎರಡು ಕಂತು ಮಾಡಿಕೊಳ್ಳುವುದು ವಾಸಿ: ಬಿಸಿಲು ಕುದುರಿದ ಮೇಲೆ ಡಿಸೆಂಬರ್‌ನಲ್ಲಿ ಒಂದು, ಮಳೆ ಹಿಡಿಯುವ ಮುಂಚೆ ಮೇ ತಿಂಗಳಲ್ಲಿ ಇನ್ನೊಂದು. ಮೇ ಕೊನೆಯ ವಾರದವರೆಗೆ ಕಾಯಬೇಡಿ. ಆಗ ಊರವರೆಲ್ಲರ ಗೋಣಿಯೂ ಮಿಲ್ಲಿನಲ್ಲೇ ಇರುತ್ತದೆ, ಮಳೆಗೆ ಕರೆಂಟೂ ಹೋಗಿರುತ್ತದೆ.