ನೆಲದ ಬಾಗಿಲು ತೂಗುವುದೆಷ್ಟು?

ನೆಲದಲ್ಲೊಂದು ಬಾಗಿಲು, ನೇರ ಮೇಲೆ ಛಾವಣಿಯಲ್ಲಿ ಇನ್ನೊಂದು. ನೆಲದ ಬಾಗಿಲಿಗೆ ಇಳಿದವರು ಛಾವಣಿಯಿಂದ ಹೊರಬೀಳುತ್ತಾರೆ; ಬಿದ್ದವರು ಮತ್ತೆ ನೆಲದ ಬಾಗಿಲಿಗೇ ಇಳಿಯುತ್ತಾರೆ. ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಕೊನೆಯೇ ಇಲ್ಲದ ಬೀಳುವಿಕೆ. ಅಮೆರಿಕದ ವಾಲ್ವ್ ಕಂಪನಿ 2007ರಲ್ಲಿ ಹೊರತಂದ ‘ಪೋರ್ಟಲ್’ ಎಂಬ ವಿಡಿಯೊ ಗೇಮ್ ಆಡಿದವರಿಗೆ ಈ ಚಮತ್ಕಾರ ಚೆನ್ನಾಗಿ ಗೊತ್ತು. ಮೊದಲು ಡಿಜಿಪೆನ್ ಎಂಬ ಕಾಲೇಜಿನ ವಿದ್ಯಾರ್ಥಿಗಳು ‘ನಾರ್ಬಾಕ್ಯುಲರ್ ಡ್ರಾಪ್’ ಹೆಸರಿನಲ್ಲಿ ಇಂಥದ್ದೊಂದು ಆಟ ಕಟ್ಟಿದ್ದರು. ವಾಲ್ವ್ ಅವರನ್ನೇ ಕೆಲಸಕ್ಕೆ ತೆಗೆದುಕೊಂಡು ಪೋರ್ಟಲ್ ಮಾಡಿಸಿತು. ಆಟದ ನಾಯಕಿ ಚೆಲ್. ಅವಳ ಕೈಯಲ್ಲೊಂದು ಗನ್ ಇದೆ. ಒಂದು ಗೋಡೆಗೆ ಹೊಡೆದರೆ ನೀಲಿ ಬಾಗಿಲು, ಇನ್ನೊಂದಕ್ಕೆ ಹೊಡೆದರೆ ಕಿತ್ತಳೆ ಬಾಗಿಲು. ನಡುವಿನ ದೂರ ಎಷ್ಟೇ ಇರಲಿ, ಇಲ್ಲಿ ಹೊಕ್ಕರೆ ಅಲ್ಲಿ ಹೊರಗೆ.

ಇಂಥ ಯಂತ್ರವನ್ನು ‘ಇದೆಲ್ಲ ಆಗದ ಮಾತು’ ಎಂದು ತಳ್ಳಿಹಾಕುವುದು ಸುಲಭ. ಅದರಿಂದ ನಾವು ಕಲಿಯುವುದೇನೂ ಇಲ್ಲ. ನನಗೆ ಸರಿಯೆನಿಸುವ ದಾರಿ ಬೇರೆ: ಆಟಕ್ಕೆ ಒಂದೇ ಒಂದು ಸುಳ್ಳನ್ನು ಮಾಫಿ ಮಾಡಬೇಕು. ಬಾಗಿಲು ಇದೆ ಎಂದು ಒಪ್ಪಿಬಿಡಬೇಕು. ಆಮೇಲೆ ಉಳಿದ ಯಾವ ನಿಯಮಕ್ಕೂ ರಿಯಾಯಿತಿ ಕೊಡದೆ ಲೆಕ್ಕ ಕೇಳುತ್ತ ಹೋಗಬೇಕು. ಆಗ ಸಿಗುವ ಉತ್ತರಗಳು ಆಟಕ್ಕಿಂತ ವಿಚಿತ್ರವಾಗಿರುತ್ತವೆ.

ಮೊದಲು ಆ ಬೀಳುವಿಕೆಯ ಲೆಕ್ಕ. ಬೀಳುತ್ತಿರುವವರ ತೂಕ 60 ಕೆ.ಜಿ. ಎಂದಿಟ್ಟುಕೊಳ್ಳೋಣ. ಮೂರು ಮೀಟರ್ ಬಿದ್ದಾಗ ಸುಮಾರು 1,760 ಜೂಲ್ ಚಲನಶಕ್ತಿ ದಕ್ಕುತ್ತದೆ. ಮತ್ತೆ ಛಾವಣಿಗೆ ಏರಲು ಅದನ್ನು ಹಿಂತಿರುಗಿಸಬೇಕು. ಬಾಗಿಲು ಕೇಳುವುದೇ ಇಲ್ಲ. ಪ್ರತಿ ಸುತ್ತಿಗೂ 1,760 ಜೂಲ್ ಪುಕ್ಕಟೆ. ಗಾಳಿಯ ತಡೆಯಿಂದಾಗಿ ವೇಗ ಸೆಕೆಂಡಿಗೆ 55 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ಹೊತ್ತಿಗೆ ಸೆಕೆಂಡಿಗೆ ಹದಿನೆಂಟು ಸುತ್ತು. ಬೀಳುವ ಒಬ್ಬರೇ 32 ಕಿಲೋವಾಟ್ ಹೀಟರ್‌ನಂತೆ ಕೋಣೆಯ ಗಾಳಿಯನ್ನು ಕಾಯಿಸುತ್ತಿರುತ್ತಾರೆ. ಶಕ್ತಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಈ ಖರ್ಚು ಯಾರ ಖಾತೆಯಿಂದ ಹೋಗುತ್ತಿದೆ?

ಉತ್ತರವನ್ನು ಕೊಟ್ಟವರಲ್ಲಿ ಕಥೆಗಾರರೇ ಹೆಚ್ಚು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಕಾರ್ಲ್ ಸೇಗನ್ 1985ರಲ್ಲಿ ‘ಕಾಂಟ್ಯಾಕ್ಟ್’ ಕಾದಂಬರಿ ಬರೆಯುವಾಗ, ನಕ್ಷತ್ರಗಳ ನಡುವೆ ನಾಯಕಿಯನ್ನು ದಾಟಿಸಲು ಭೌತವಿಜ್ಞಾನ ಒಪ್ಪುವ ದಾರಿಯೊಂದನ್ನು ಸೂಚಿಸುವಂತೆ ಭೌತವಿಜ್ಞಾನಿ ಗೆಳೆಯ ಕಿಪ್ ಥಾರ್ನ್ ಅವರನ್ನು ಕೇಳಿದರು. ಐನ್‌ಸ್ಟೈನ್ ಮತ್ತು ರೋಸೆನ್ 1935ರಲ್ಲೇ ದೇಶ-ಕಾಲದ ಎರಡು ಭಾಗಗಳನ್ನು ಜೋಡಿಸುವ ಸೇತುವೆಯ ಗಣಿತ ಬರೆದಿದ್ದರು. ಆ ಬಗೆಯ ವರ್ಮ್‌ಹೋಲನ್ನು ಮನುಷ್ಯರು ದಾಟುವಂತೆ ತೆರೆದಿಡಲು ಏನು ಬೇಕೆಂದು ಥಾರ್ನ್ ಲೆಕ್ಕ ಹಾಕಿದರು. ಮೈಕಲ್ ಮಾರಿಸ್ ಜೊತೆ ಸೇರಿ 1988ರಲ್ಲಿ ಪ್ರಬಂಧ ಪ್ರಕಟಿಸಿದರು. ಋಣಶಕ್ತಿ ಇರುವ ವಿಚಿತ್ರ ದ್ರವ್ಯ ಬೇಕು ಎಂಬುದು ಅವರ ತೀರ್ಮಾನ. ಕಾದಂಬರಿಕಾರರೊಬ್ಬರ ಪ್ರಶ್ನೆಯಿಂದ ಸಂಶೋಧನೆಯ ಹೊಸ ದಾರಿ ತೆರೆಯಿತು.

1995ರಲ್ಲಿ ಆರು ಮಂದಿ ಸೇರಿ ಇನ್ನೊಂದು ಪ್ರಬಂಧ ಬರೆದರು. ಅವರಲ್ಲಿ ಜಾನ್ ಕ್ರೇಮರ್, ರಾಬರ್ಟ್ ಫಾರ್ವರ್ಡ್, ಗ್ರೆಗರಿ ಬೆನ್‌ಫರ್ಡ್, ಜೆಫ್ರಿ ಲ್ಯಾಂಡಿಸ್ ನಾಲ್ವರೂ ವಿಜ್ಞಾನಿಗಳಷ್ಟೇ ಅಲ್ಲ, ವಿಜ್ಞಾನ ಕಾದಂಬರಿಕಾರರು ಕೂಡ. ಅವರು ಎತ್ತಿ ತೋರಿಸಿದ ಸಂಗತಿ ಇದು: ವರ್ಮ್‌ಹೋಲಿನ ಒಂದು ಬಾಯಿಗೆ ವಸ್ತು ಹೊಕ್ಕಾಗ ಆ ಬಾಯಿಯ ದ್ರವ್ಯರಾಶಿ ಅಷ್ಟೇ ಹೆಚ್ಚುತ್ತದೆ, ಅದು ಹೊರಬಂದ ಬಾಯಿಯ ದ್ರವ್ಯರಾಶಿ ಅಷ್ಟೇ ಕುಗ್ಗುತ್ತದೆ.

ಇದನ್ನು ನಮ್ಮ ಕೋಣೆಗೆ ತನ್ನಿ. ಪ್ರತಿ ಸುತ್ತಿನಲ್ಲಿ ನೆಲದ ಬಾಗಿಲು 60 ಕೆ.ಜಿ. ಭಾರವಾಗುತ್ತದೆ, ಛಾವಣಿಯ ಬಾಗಿಲು 60 ಕೆ.ಜಿ. ಹಗುರವಾಗುತ್ತದೆ. ಅಂದರೆ 60 ಕೆ.ಜಿ. ದ್ರವ್ಯರಾಶಿ ಮೂರು ಮೀಟರ್ ಕೆಳಗಿಳಿದಂತಾಯಿತು. ಹಾಗೆ ಇಳಿದಾಗ ಬಿಡುಗಡೆಯಾಗುವ ಶಕ್ತಿ ಎಷ್ಟು? ಅದೇ 1,760 ಜೂಲ್. ಪೈಸೆಗೆ ಪೈಸೆ ತಾಳೆಯಾಗುತ್ತದೆ. ಪುಕ್ಕಟೆ ಎಂದುಕೊಂಡದ್ದು ಪುಕ್ಕಟೆಯಲ್ಲ; ಬಾಗಿಲುಗಳೇ ತೆತ್ತಿವೆ. ಸೆಕೆಂಡಿಗೆ ಹದಿನೆಂಟು ಸುತ್ತಿನಂತೆ ಒಂದೇ ನಿಮಿಷ ಬಿದ್ದರೆ ನೆಲದ ಬಾಗಿಲಿನ ತೂಕ ಸುಮಾರು 65 ಟನ್ ಏರಿರುತ್ತದೆ. ಯಾವ ಮಹಡಿ ತಡೆದೀತು? ಛಾವಣಿಯ ಬಾಗಿಲಂತೂ ಸೊನ್ನೆ ದಾಟಿ ಋಣ ದ್ರವ್ಯರಾಶಿಗೆ ಇಳಿದಿರುತ್ತದೆ.

ಆಟದೊಳಗಿನ ಕಂಪ್ಯೂಟರ್ ಗ್ಲಾಡೋಸ್ ಒಂದು ಪಾಠ ಹೇಳುತ್ತದೆ: ಬಾಗಿಲುಗಳ ನಡುವೆ ಸಂವೇಗ ಉಳಿಯುತ್ತದೆ ಎಂದು. ನಿಜಕ್ಕೂ ಉಳಿಯುವುದು ವೇಗದ ಪ್ರಮಾಣ ಮಾತ್ರ, ದಿಕ್ಕಲ್ಲ. 20 ಮೀಟರ್ ಮೇಲಿಂದ ನೆಲದ ಬಾಗಿಲಿಗೆ ಧುಮುಕಿದ ಚೆಲ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಗೋಡೆಯ ಬಾಗಿಲಿನಿಂದ ಅಡ್ಡಲಾಗಿ ಚಿಮ್ಮುತ್ತಾಳೆ. ಕೆಳಮುಖವಾಗಿದ್ದ ಸಂವೇಗ ಅಡ್ಡ ತಿರುಗಬೇಕಾದರೆ ನೆಲ ಆ ಹೊಡೆತ ತಿನ್ನಬೇಕು, ಗೋಡೆ ಹಿಂದಕ್ಕೆ ಒದೆಸಿಕೊಳ್ಳಬೇಕು. ಆಟದ ಗೋಡೆಗಳು ಮಿಸುಕುವುದಿಲ್ಲ. ಎಷ್ಟೇ ಎತ್ತರದಿಂದ ಬಿದ್ದರೂ ಅವಳಿಗೆ ಪೆಟ್ಟಾಗದಂತೆ ಆಟದಲ್ಲಿ ಕಾಯುವ ಸ್ಪ್ರಿಂಗ್ ಬೂಟುಗಳ ಮೇಲೂ ನನಗೆ ನಂಬಿಕೆಯಿಲ್ಲ. ಆ ವೇಗವನ್ನು 20 ಸೆಂಟಿಮೀಟರ್ ಅಂತರದಲ್ಲಿ ತಡೆದರೆ ದೇಹ ಗುರುತ್ವದ ನೂರು ಪಟ್ಟು ಹೊಡೆತ ಅನುಭವಿಸುತ್ತದೆ. 1954ರಲ್ಲಿ ರಾಕೆಟ್ ಬಂಡಿಯಲ್ಲಿ ಕೂತು ಗುರುತ್ವದ 46 ಪಟ್ಟು ತಾಳಿಕೊಂಡ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ಅವರ ಕಣ್ಣುಗಳಲ್ಲೇ ರಕ್ತನಾಳ ಒಡೆದಿದ್ದವು.

ಲೆಕ್ಕ ನಿಜಕ್ಕೂ ದೊಡ್ಡದಾಗುವುದು 2011ರ ‘ಪೋರ್ಟಲ್ 2’ರಲ್ಲಿ. (ಆಟ ಮುಗಿಸದವರು ಇಲ್ಲಿಗೇ ನಿಲ್ಲಬಹುದು, ಕೊನೆಯ ದೃಶ್ಯದ ಗುಟ್ಟು ಮುಂದಿದೆ.) ಚೆಲ್ ಒಡೆದ ಛಾವಣಿಯಾಚೆ ಕಂಡ ಚಂದ್ರನಿಗೇ ಗುರಿಯಿಟ್ಟು ಗನ್ ಹೊಡೆಯುತ್ತಾಳೆ. ಕ್ಷಣಕಾಲ ಏನೂ ಆಗುವುದಿಲ್ಲ. ಆಮೇಲೆ ಬಾಗಿಲು ತೆರೆಯುತ್ತದೆ. ಆ ತಡ ನನ್ನನ್ನು ಗೆದ್ದಿತು. ಚಂದ್ರನ ದೂರ ಸರಾಸರಿ 3,84,400 ಕಿ.ಮೀ.; ಅಷ್ಟು ದೂರ ಹೋಗಲು ಬೆಳಕಿಗೂ 1.3 ಸೆಕೆಂಡ್ ಬೇಕು.

ಈಗ ಬಾಗಿಲ ಈಚೆ ಭೂಮಿಯ ಗಾಳಿ, ಆಚೆ ನಿರ್ವಾತ. ಬಾಗಿಲು ಒಂದೂವರೆ ಚದರ ಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 360 ಕೆ.ಜಿ. ಗಾಳಿ ಆಚೆ ನುಗ್ಗುತ್ತದೆ, ಬಾಗಿಲ ಬಾಯಲ್ಲಿ ಸೆಕೆಂಡಿಗೆ 300 ಮೀಟರ್ ಮೀರಿದ ವೇಗದಲ್ಲಿ. ಅಡ್ಡ ಸಿಕ್ಕ ಮನುಷ್ಯರ ಮೇಲೆ ಟನ್ ಲೆಕ್ಕದ ನೂಕು. ಕೈಯಲ್ಲಿ ಹಿಡಿದು ನೇತಾಡುವ ಮಾತೇ ಇಲ್ಲ. ಅದಕ್ಕಿಂತ ದೊಡ್ಡದು ಎತ್ತರದ ಬಾಬತ್ತು. ಭೂಮಿಯ ಮೇಲಿನ ಒಂದು ಕೆ.ಜಿ.ಯನ್ನು ಚಂದ್ರನ ನೆಲಕ್ಕೆ ಮುಟ್ಟಿಸಲು, ರಾಕೆಟ್‌ನ ಪೋಲು ಬಿಟ್ಟು, ಗುರುತ್ವದ ಲೆಕ್ಕಕ್ಕಷ್ಟೇ ಸುಮಾರು 59 ಮೆಗಾಜೂಲ್ ಬೇಕು. ಹಾಗಾದರೆ ಆ ಗಾಳಿಯನ್ನು ದಾಟಿಸಲು ಬಾಗಿಲು ಒದಗಿಸುತ್ತಿರುವ ಶಕ್ತಿ 21,000 ಮೆಗಾವಾಟ್. ಜಗತ್ತಿನ ಅತಿದೊಡ್ಡ ಜಲವಿದ್ಯುತ್ ಸ್ಥಾವರವಾದ ಚೀನಾದ ತ್ರೀ ಗಾರ್ಜಸ್‌ನ ಸಾಮರ್ಥ್ಯ 22,500 ಮೆಗಾವಾಟ್. ಇಲ್ಲೂ ತೆರುವುದು ಬಾಗಿಲುಗಳೇ: ಭೂಮಿಯ ಬಾಗಿಲು ಸೆಕೆಂಡಿಗೆ 360 ಕೆ.ಜಿ. ಭಾರವಾಗುತ್ತದೆ, ಚಂದ್ರನ ಬಾಗಿಲು ಅಷ್ಟೇ ಹಗುರ. ಮೂರು ಮೀಟರಿನ ಕೋಣೆಗೆ ಒಪ್ಪಿದ ನಿಯಮ ನಾಲ್ಕು ಲಕ್ಷ ಕಿಲೋಮೀಟರಿಗೂ ಹಾಗೆಯೇ ಒಪ್ಪುತ್ತದೆ.

ಅದೇ ಗಾಳಿಗೆ ಸಿಕ್ಕಿ ಆಟದ ಖಳ, ಕಣ್ಣುಗುಡ್ಡೆಯಂಥ ರೋಬಾಟ್ ವೀಟ್ಲಿ, ಬಾಹ್ಯಾಕಾಶಕ್ಕೆ ಹಾರಿಹೋಗುತ್ತಾನೆ. ಕೊನೆಗೆ ಅವನು ಅಲ್ಲಿ ತೇಲುತ್ತ ಪಶ್ಚಾತ್ತಾಪ ಪಡುವುದನ್ನು ತೋರಿಸುತ್ತಾರೆ. ಇದೊಂದನ್ನು ನಾನು ಒಪ್ಪಲಾರೆ. ಕೋಣೆಯ ಉಷ್ಣತೆಯ ಗಾಳಿ ನಿರ್ವಾತಕ್ಕೆ ಎಷ್ಟೇ ಹಿಗ್ಗಿದರೂ ಅದರ ವೇಗ ಸೆಕೆಂಡಿಗೆ 770 ಮೀಟರ್ ದಾಟದು. ಅದು ತಳ್ಳಿದ ವೀಟ್ಲಿಯ ವೇಗ ಅದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ. ಚಂದ್ರನ ನೆಲಕ್ಕೆ ಹತ್ತಿರವೇ ಸುತ್ತುತ್ತ ಉಳಿಯಬೇಕಾದರೂ ಸೆಕೆಂಡಿಗೆ 1,680 ಮೀಟರ್ ಬೇಕು. ಚಂದ್ರನನ್ನು ಬಿಟ್ಟು ಹೋಗಲು 2,380 ಮೀಟರ್. ನೇರ ಮೇಲಕ್ಕೆ ಹಾರಿದ್ದರೆ ವೀಟ್ಲಿ ಹೆಚ್ಚೆಂದರೆ 200 ಕಿ.ಮೀ. ಏರಿ, ಇಪ್ಪತ್ತು ನಿಮಿಷದೊಳಗೆ ಚಂದ್ರನ ನೆಲಕ್ಕೇ ಬಂದು ಅಪ್ಪಳಿಸುತ್ತಾನೆ.