ಜಾಲಕಾರ್ಡಿನ ಡ್ರೈವರಿನಲ್ಲಿ ಗುಂಪು ವಿಳಾಸಗಳ ಪರಿಶೀಲನೆ

ಈಥರ್‌ನೆಟ್ ಜಾಲದಲ್ಲಿ ಸಂಚರಿಸುವ ಸಂದೇಶಗಳಲ್ಲಿ ಕೆಲವು ಒಂದು ಯಂತ್ರಕ್ಕೂ, ಕೆಲವು ಎಲ್ಲ ಯಂತ್ರಗಳಿಗೂ, ಇನ್ನು ಕೆಲವು ತಾವಾಗಿ ಸೇರಿದ ಯಂತ್ರಗಳ ಗುಂಪಿಗೂ ಉದ್ದಿಷ್ಟವಾಗಿರುತ್ತವೆ. ಈ ಮೂರನೆಯ ಬಗೆಗೆ ಮಲ್ಟಿಕಾಸ್ಟ್ ಎಂದು ಹೆಸರು. ಯಾವ ಗುಂಪುಗಳ ಸಂದೇಶಗಳನ್ನು ಒಳಗೆ ಬಿಡಬೇಕೆಂಬುದನ್ನು ಕಾರ್ಡಿಗೆ ತಿಳಿಸುವ ಹೊಣೆ ಡ್ರೈವರ್ ಎಂಬ ತಂತ್ರಾಂಶದ್ದು.

ಅನೇಕ ಕಾರ್ಡುಗಳಲ್ಲಿ ೬೪ ಮನೆಗಳ ಒಂದು ಜರಡಿಯಿರುತ್ತದೆ. ೪೮ ಬಿಟ್‌ಗಳ ವಿಳಾಸದಿಂದ ಸಿಆರ್‌ಸಿ ಎಂಬ ಗಣನೆಯ ಮೂಲಕ ೩೨ ಬಿಟ್‌ಗಳ ಸಂಖ್ಯೆಯನ್ನು ಪಡೆದು, ಅದರ ೬ ಬಿಟ್‌ಗಳಿಂದ ಮನೆಯನ್ನು ನಿರ್ಣಯಿಸುವರು. ಹಲವು ವಿಳಾಸಗಳು ಒಂದೇ ಮನೆಗೆ ಬೀಳುವುದು ಅನಿವಾರ್ಯ. ಅಲ್ಲದೆ, ೧೯೮೯ರಲ್ಲಿ ಸ್ಟೀವ್ ಡೀರಿಂಗ್ ಅವರು ಬರೆದ ಆರ್‌ಎಫ್‌ಸಿ ೧೧೧೨ರ ನಿಯಮದಂತೆ, ಐಪಿ ನಾಲ್ಕನೆಯ ಆವೃತ್ತಿಯ ಗುಂಪು ವಿಳಾಸದ ಕೊನೆಯ ೨೩ ಬಿಟ್‌ಗಳು ಮಾತ್ರ ಈಥರ್‌ನೆಟ್ ವಿಳಾಸಕ್ಕೆ ಇಳಿಯುತ್ತವೆ. ಹೀಗಾಗಿ ೩೨ ಗುಂಪುಗಳಿಗೆ ಒಂದೇ ಈಥರ್‌ನೆಟ್ ವಿಳಾಸ, ೨೨೪.೧.೧.೧ ಮತ್ತು ೨೨೫.೧.೧.೧ ಇದಕ್ಕೆ ನಿದರ್ಶನ.

ಆದಕಾರಣ ಬೇಡದ ಸಂದೇಶ ಒಳಬರುವುದು ದೋಷವಲ್ಲ. ಮೇಲಿನ ಸ್ತರದ ತಂತ್ರಾಂಶವು ಅದನ್ನು ತಿರಸ್ಕರಿಸುವುದು. ಬೇಕಾದುದು ಹೊರಗುಳಿದರೆ ಮಾತ್ರ ಅದನ್ನು ಸರಿಪಡಿಸುವವರಿಲ್ಲ. ಐಪಿ ಆರನೆಯ ಆವೃತ್ತಿಯಲ್ಲಿ ನೆರೆಯ ಯಂತ್ರದ ವಿಳಾಸವನ್ನು ಅರಸುವ ಪ್ರಶ್ನೆಯೇ ಮಲ್ಟಿಕಾಸ್ಟಾಗಿ ಬರುತ್ತದೆ. ಜರಡಿ ಅದನ್ನು ತಡೆದರೆ ಕೇಳಿದವರಿಗೆ ಉತ್ತರ ದೊರೆಯದು.

ಡ್ರೈವರನ್ನು ಪರಿಶೀಲಿಸುವವರು ಗಮನಿಸತಕ್ಕ ಅಂಶಗಳು ಇವು. ಮೊದಲನೆಯದಾಗಿ, ಸಿಆರ್‌ಸಿಯ ಯಾವ ತುದಿಯ ೬ ಬಿಟ್‌ಗಳು, ಯಾವ ಕ್ರಮದಲ್ಲಿ ಎಂಬುದು ಕಾರ್ಡಿನ ಕೈಪಿಡಿಗೆ ಹೊಂದಬೇಕು. ಎರಡನೆಯದಾಗಿ, ಒಂದು ಗುಂಪನ್ನು ಬಿಟ್ಟಾಗ ಅದರ ಮನೆಯನ್ನಷ್ಟೇ ಅಳಿಸಲಾಗದು. ಅದೇ ಮನೆಯಲ್ಲಿ ಮತ್ತೊಂದು ಗುಂಪು ಇರಬಹುದು. ಉಳಿದ ಎಲ್ಲ ವಿಳಾಸಗಳಿಂದ ಪಟ್ಟಿಯನ್ನು ಹೊಸದಾಗಿ ಸ್ಮೃತಿಯಲ್ಲಿ ರಚಿಸಿ, ಅನಂತರ ಕಾರ್ಡಿಗೆ ಬರೆಯಬೇಕು. ಮೊದಲೇ ಕಾರ್ಡಿನ ಜರಡಿಯನ್ನು ಬರಿದುಮಾಡಿದರೆ ನಡುವಣ ಸಂದೇಶಗಳು ನಷ್ಟವಾಗುತ್ತವೆ. ಮೂರನೆಯದಾಗಿ, ಜರಡಿಗೆ ಬದಲು ವಿಳಾಸಗಳನ್ನೇ ನಮೂದಿಸುವ ಕಾರ್ಡುಗಳಲ್ಲಿ ಸ್ಥಳ ಸಾಲದಾದರೆ, ಎಲ್ಲ ಮಲ್ಟಿಕಾಸ್ಟನ್ನೂ ಸ್ವೀಕರಿಸುವಂತೆ ಆಜ್ಞಾಪಿಸಬೇಕು. ನಾಲ್ಕನೆಯದಾಗಿ, ಕಾರ್ಡನ್ನು ಮರುಚಾಲನೆಗೊಳಿಸಿದ ಮೇಲೆ ಪಟ್ಟಿಯನ್ನು ಮತ್ತೆ ತುಂಬಬೇಕು.

ಪರೀಕ್ಷೆಯಲ್ಲಿಯೂ ಒಂದು ಎಚ್ಚರ ಅವಶ್ಯಕ. ಸಂದೇಶಗಳನ್ನು ಸೆರೆಹಿಡಿದು ತೋರಿಸುವ ಟಿಸಿಪಿಡಂಪ್‌ನಂತಹ ಸಾಧನಗಳು ಸಾಮಾನ್ಯವಾಗಿ ಕಾರ್ಡನ್ನು ಎಲ್ಲವನ್ನೂ ಸ್ವೀಕರಿಸುವ ಸ್ಥಿತಿಗೆ ತರುತ್ತವೆ. ಆಗ ಜರಡಿ ಕೆಲಸ ಮಾಡುವುದೇ ಇಲ್ಲ, ದೋಷವೂ ಮರೆಯಾಗುತ್ತದೆ. ನೋಡುತ್ತಿರುವಾಗ ಸರಿಯಾಗಿದ್ದು, ನೋಡುವುದನ್ನು ನಿಲ್ಲಿಸಿದೊಡನೆ ಕೆಡುವ ಜಾಲವನ್ನು ಕಂಡಲ್ಲಿ, ಮೊದಲು ಶಂಕಿಸಬೇಕಾದುದು ಈ ಜರಡಿಯನ್ನೇ. ಅಂಥ ಸಾಧನವನ್ನು ಆ ಸ್ಥಿತಿಗೆ ಹೋಗದಂತೆ ನಿಯೋಜಿಸಿ ಪರೀಕ್ಷಿಸುವುದೇ ಯುಕ್ತ ಮಾರ್ಗ.